ಮುಳಶಿಯ ನಮ್ಮ ಜಾಗದಲ್ಲಿ ರಾತ್ರಿ ಬೇಟೆಗೆ ಬರುತ್ತಾರೆ: ಪೊಲೀಸರಾ, ಅರಣ್ಯದವರಾ, ಮೋಜಣಿಯಾ (ಸರ್ವೆ)?

ಗುಂಠೆ ಲೆಕ್ಕ (ಕೋಥ್ರೂಡ್)

ಎಲ್ಲರಿಗೂ ನಮಸ್ಕಾರ. ಪುಣೆ ಸುತ್ತಮುತ್ತ ಜಮೀನು ಇಟ್ಟುಕೊಂಡವರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ.

ಪೌಡ್ ದಾಟಿ ತಾಮ್ಹಿಣಿ ಘಾಟಿನ ಕಡೆ ಹೋಗುವಾಗ ಒಳಗೊಂದು ಹಳ್ಳಿಯಲ್ಲಿ ನಮ್ಮ ಮಾವನವರ ಕಾಲದ 2 ಎಕರೆ 14 ಗುಂಠೆ ಜಾಗ ಇದೆ. ಮೇಲಿನ ಅರ್ಧ ಬರೀ ಕಲ್ಲು ಮತ್ತು ಕವಳಿಕಂಟಿ. ಸಾತ್ ಬಾರಾದಲ್ಲಿ (ಇಲ್ಲಿಯ ಪಹಣಿ) ಅದನ್ನು ಪೋಟ್ ಖರಾಬಾ, ಅಂದರೆ ಸಾಗುವಳಿಗೆ ಬಾರದ್ದು, ಅಂತಲೇ ಬರೆದಿದ್ದಾರೆ. ಕೆಳಗೆ ಮಾವು, ಮಳೆಗಾಲಕ್ಕೆ ಒಂದಿಷ್ಟು ಭತ್ತ. ಮನೆ ಅಂತ ಏನಿಲ್ಲ, ಪತ್ರಾ ಹಾಕಿದ ಒಂದು ಶೆಡ್ಡು. ಪಕ್ಕದ ವಾಡಿಯ ಕಾಕಾ ಒಬ್ಬರು ನೋಡಿಕೊಳ್ಳುತ್ತಾರೆ. ನಾವು ವಾರದ ಕೊನೆಗೆ ಹೋಗಿ ಬರುತ್ತೇವೆ. ನಮ್ಮ ಯಜಮಾನರಿಗೆ ಮಾವಿನ ಗಿಡಕ್ಕಿಂತ ಅಲ್ಲಿಯ ನಿದ್ದೆ ಮೇಲೆ ಪ್ರೀತಿ ಜಾಸ್ತಿ.

ಈಗ ವಿಷಯ. ದೀಪಾವಳಿ ಆದಮೇಲೆ ಶನಿವಾರ ರಾತ್ರಿ ಜೀಪೊಂದು ಬರಲು ಶುರುವಾಗಿದೆ. ಮೇಲ್ಗಡೆ ಎಲ್‌ಇಡಿ ಪಟ್ಟಿ ಕೂರಿಸಿದ ಜೀಪು. ಗುಡ್ಡದ ಮೇಲೆ ಬೆಳಕು ಬೀಸುತ್ತಾರೆ, ಆಮೇಲೆ ಢಂ ಅಂತ ಒಂದು ಸದ್ದು, ಆಮೇಲೆ ನಗು. ಒಂದು ಬೆಳಿಗ್ಗೆ ಕವಳಿಕಂಟಿ ಹತ್ತಿರ ಕಾಕಾಗೆ ಖಾಲಿ ತೋಟೆ ಸಿಕ್ಕಿತು. ಕೆಂಪು ಪ್ಲಾಸ್ಟಿಕ್ಕು, ತಳಕ್ಕೆ ಹಿತ್ತಾಳೆ, ಮೇಲೆ 12 ಅಂತ ಅಚ್ಚು. ಅವರು ಅದನ್ನು ತಂಬಾಕಿನ ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. ಅಲ್ಲೇ ನಾಲ್ಕು ಹೆಜ್ಜೆ ಆಚೆ, ಹಂದಿ ನುಗ್ಗುವ ಸಂದಿಯಲ್ಲಿ ಉರುಳು ಇತ್ತು. ಬೈಕಿನ ಕ್ಲಚ್ ವೈರು. ಒಂದು ತುದಿ ಬುಡಕ್ಕೆ ಕಟ್ಟಿ, ಇನ್ನೊಂದು ತುದಿಯ ಕುಣಿಕೆಯನ್ನು ನೆಲದಿಂದ ಒಂದು ಗೇಣು ಎತ್ತರಕ್ಕೆ ಹುಲ್ಲಿನಲ್ಲಿ ನಿಲ್ಲಿಸಿದ್ದರು. ಹುಲ್ಲನ್ನು ಗಂಟು ಹಾಕಿ ಕುಣಿಕೆ ಅಲುಗದ ಹಾಗೆ ಹಿಡಿಸಿದ್ದ ಆ ಕೆಲಸ ನೋಡಿದರೆ, ಕಟ್ಟಿದವನಿಗೆ ಇದು ಮೊದಲನೆಯದಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಕಾಕಾನ ನಾಯಿ ಅದರಲ್ಲಿ ಕಾಲು ಹಾಕಿ, ಚರ್ಮ ಕಿತ್ತುಕೊಂಡು ಬಂತು. ಬದುಕಿದೆ, ಕುಂಟುತ್ತಿದೆ.

ಮುಂದಿನ ವಾರ ಯಜಮಾನರು ಟಾರ್ಚ್ ಹಿಡಿದು ಹೋಗಿ ಮಾತಾಡಿದರು. ಅವರು ಜಗಳಕ್ಕೆ ಬರಲಿಲ್ಲ. ಬಹಳ ಮರ್ಯಾದೆಯಿಂದ, "ದಾದಾ, ನಿಮ್ಮ ಹದ್ದು ಆ ಉಂಬರದ (ಅತ್ತಿ) ಮರದವರೆಗೆ ಅಷ್ಟೇ. ಇದು ಪಕ್ಕದ ಗಟ್ (ಸರ್ವೆ ನಂಬರು), ಮಾಲಕರು ನಮ್ಮ ದೋಸ್ತ" ಅಂದರು. ಪಕ್ಕದ ಗಟ್ ನಂಬರಿನಲ್ಲಿ ಈಗ ಪ್ಲಾಟಿಂಗ್ ನಡೆಯುತ್ತಿದೆ. ರಸ್ತೆ ಮಾಡಲು ಜೆಸಿಬಿ ಬಂದಾಗ ಎರಡು ಹದ್ದಿನ ಕಲ್ಲು ಮಾಯವಾದವು. ಬದುವೂ ಅರ್ಧ ಕೊಚ್ಚಿಹೋಯಿತು. ಮಾವನವರು ಇದ್ದಾಗ ಉಂಬರದ ಮರ ನಮ್ಮ ಒಳಗಿತ್ತು, ಅದರ ಕೆಳಗೆ ಕೂತು ಊಟ ಮಾಡಿದವರು ನಾವು. ಆದರೆ ಈಗ ತೋರಿಸು ಅಂದರೆ ಏನು ತೋರಿಸೋದು?

ಇನ್ನೊಂದು ತೊಡಕು. ನಮ್ಮ ಜಾಗದ ನಡುವೆ ಕಾಲುದಾರಿ ಇದೆ. ಮೇಲಿನ ಧನಗರ ವಾಡ್ಯಾದ (ಕುರುಬರ ಕೇರಿ) ಹೆಂಗಸರು ಹಾಲು ತರುವುದು, ಮಕ್ಕಳು ಶಾಲೆಗೆ ಹೋಗುವುದು ಎಲ್ಲ ಅದರಲ್ಲೇ. ಅದನ್ನು ಮುಚ್ಚುವ ಮನಸ್ಸು ನಮಗಿಲ್ಲ. ಆದರೆ ಜೀಪಿನವರೂ "ಇದು ವಹಿವಾಟಿನ ರಸ್ತಾ" (ರೂಢಿಯ ದಾರಿ) ಅಂತ ಅದನ್ನೇ ಹಿಡಿದು ಬರುತ್ತಾರೆ.

ಹಾಗಾದರೆ ಮೊದಲು ಯಾರ ಹತ್ತಿರ ಹೋಗಬೇಕು? ಠಾಣೆಯಲ್ಲಿ ಬಾಯಿಮಾತಿಗೆ ಕೇಳಿದ್ದಕ್ಕೆ "ಆಧಿ ಮೋಜಣಿ ಕರೂನ್ ಘ್ಯಾ" (ಮೊದಲು ಮೋಜಣಿ ಮಾಡಿಸಿಕೊಳ್ಳಿ) ಅಂದರು. ಮೋಜಣಿ ಆಗುವವರೆಗೆ ಇವರು ಪ್ರತಿ ಶನಿವಾರ ಬರುತ್ತಲೇ ಇರಲಾ?

ಬೆಳಗಾವಿ ಬಾಪು (ಸದಾಶಿವ ಪೇಠ)

ತಂಗಿ, ಮೋಜಣಿ ಬಗ್ಗೆ ನಾನು ಹೇಳುತ್ತೇನೆ, ಕಾಯದೆ ಬಗ್ಗೆ ಬೇರೆಯವರು ಹೇಳಲಿ. ನಾನು ಊರಿನ ಹೊಲಕ್ಕೂ ಇಲ್ಲಿ ಭೋರ್ ಕಡೆಯ ಜಾಗಕ್ಕೂ ಮಾಡಿಸಿದವನು.

ನೀವು ಅರ್ಜಿ ಹಾಕಬೇಕಾದ್ದು "ಹದ್ದ ಕಾಯಮ್" (ಗಡಿ ಗುರುತಿಸುವ) ಮೋಜಣಿಗೆ. ಸುಮ್ನೆ ಮೋಜಣಿ ಅಂತ ಬರೆದರೆ ಅವರು ಬೇರೇನೋ ಅಳೆದು ಹೋಗುತ್ತಾರೆ. ತಾಲೂಕಿನ ಭೂಮಿ ಅಭಿಲೇಖ (ಭೂದಾಖಲೆ) ಕಚೇರಿ, ಅಂದರೆ ನಿಮಗೆ ಪೌಡ್. ಅರ್ಜಿ ಆನ್‌ಲೈನಲ್ಲೂ ಹೋಗುತ್ತದೆ. ಹೊಸ ಸಾತ್ ಬಾರಾ ಜೊತೆಗಿಡಿ. ಅವಸರ ಇದ್ದರೆ ಫೀ ಜಾಸ್ತಿ ಕಟ್ಟುವ ದಾರಿ ಇದೆ, ನಿಮ್ಮ ಪರಿಸ್ಥಿತಿಯಲ್ಲಿ ಕಟ್ಟುವುದೇ ಒಳ್ಳೆಯದು.

ಪಕ್ಕದ ಎಲ್ಲ ಗಟ್‌ಗಳ ಖಾತೇದಾರರಿಗೆ ನೋಟಿಸು ಹೋಗುತ್ತದೆ. ಇಲ್ಲಿ ಜಾಗ್ರತೆ. ಪ್ಲಾಟಿಂಗ್ ಆದ ಗಟ್ ಅಂದಿರಲ್ಲ, ಅದರ ಸಾತ್ ಬಾರಾ ತೆಗೆದು ನೋಡಿ, ಒಂದೊಂದು ಗುಂಠೆಗೆ ಒಬ್ಬೊಬ್ಬನ ಹೆಸರು ಸೇರಿರಬಹುದು. ಒಬ್ಬನ ಹೆಸರು ಬಿಟ್ಟರೂ ನಾಳೆ ಅವನು "ನನಗೆ ನೋಟಿಸೇ ಬಂದಿಲ್ಲ" ಅಂತ ತಕರಾರು ತೆಗೆಯುತ್ತಾನೆ. ಹೆಸರುಗಳ ಪಟ್ಟಿಯನ್ನು ನೀವೇ ಕೂತು ಮಾಡಿ. ಏಜೆಂಟನಿಗೆ ಬಿಡಬೇಡಿ.

ಅಳೆಯುವ ದಿನ ಮೋಜಣಿದಾರ ಮಷೀನು ತರುತ್ತಾನೆ, ಆದರೆ ಕಲ್ಲು ತರುವುದಿಲ್ಲ. ಹದ್ದಿನ ಕಲ್ಲು, ಗುದ್ದಲಿ, ಸುಣ್ಣ, ಇಬ್ಬರು ಆಳು ಎಲ್ಲ ನಿಮ್ಮದೇ. ಅವನು ಖುಣಾ (ಗಡಿ ಗುರುತು) ತೋರಿಸಿದ ಕೂಡಲೇ ಅಲ್ಲೇ ಅಗೆದು ಕಲ್ಲು ಹುಗಿಯಿರಿ. ಮೊಣಕಾಲಷ್ಟು ಆಳ. ಕಲ್ಲಿನ ಕೆಳಗೆ ಒಂದು ಹಿಡಿ ಇದ್ದಿಲು ಮತ್ತು ಒಡೆದ ಕಪ್ಪು ಹಾಕುವುದು ನಮ್ಮಪ್ಪನ ಪದ್ಧತಿ. ಜೆಸಿಬಿ ಕಲ್ಲು ಕಿತ್ತರೂ ಇದ್ದಿಲು ಅಲ್ಲೇ ಉಳಿಯುತ್ತದೆ, ಅದು ಕೊಳೆಯುವುದಿಲ್ಲ. ಆಮೇಲೆ ಅಳತೆ ನಕಾಶೆಯ ಪ್ರತಿ, ಅಂದರೆ "ಕ ಪ್ರತ", ಸಿಗುವವರೆಗೆ ಬೆನ್ನು ಬಿಡಬೇಡಿ. ಪೊಲೀಸರಿಗೆ ತೋರಿಸುವುದು ಅದನ್ನೇ.

ಉಂಬರದ ಮರ ಕಡಿಯದಂತೆ ನೋಡಿಕೊಳ್ಳಿ. ನಕಾಶೆಗೆ ಅದರಷ್ಟು ಒಳ್ಳೆಯ ಸಾಕ್ಷಿ ಇಲ್ಲ.

ವಕೀಲರ ಮನೆ (ಶಿವಾಜಿನಗರ)

ಬಾಪು ಅವರು ಹೇಳಿದ್ದು ಸರಿ. ಆದರೆ ಅಕ್ಕ, ನೀವು ಎರಡು ಬೇರೆ ವಿಷಯಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿದ್ದೀರಿ. ಠಾಣೆಯವರೂ ಅದೇ ಹಗ್ಗ ಹಿಡಿದು ನಿಮ್ಮನ್ನು ವಾಪಸ್ ಕಳಿಸಿದ್ದಾರೆ.

ಬೇಟೆ ಅನ್ನುವುದು ಜಾಗ ಯಾರದ್ದು ಅನ್ನುವುದರ ಮೇಲೆ ನಿಂತ ಅಪರಾಧ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 9 ಬೇಟೆಯನ್ನೇ ನಿಷೇಧಿಸುತ್ತದೆ. ನಿಮ್ಮ ಜಾಗವಾಗಲಿ, ಪಕ್ಕದ ಗಟ್ ಆಗಲಿ, ಸರ್ಕಾರಿ ಗುಡ್ಡವಾಗಲಿ, ಎಲ್ಲ ಒಂದೇ. ಮಾಲಕ ದೋಸ್ತನಾದರೇನು, ಪರವಾನಗಿ ಇಲ್ಲದೆ ಮಾಲಕ ತಾನೇ ಕೋವಿ ಹಿಡಿದರೂ ಅಪರಾಧವೇ. ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಹಾಕುವುದು, ಬೋನು ಇಡುವುದು, ಓಡಿಸುವುದು, ಇವುಗಳಿಗೆ ಪ್ರಯತ್ನ ಪಡುವುದೂ ಸೇರಿದೆ. ಆ ಕ್ಲಚ್ ವೈರು ಒಂದೇ ಸಾಕು. ಹಂದಿ ಸತ್ತಿದೆಯಾ ಅಂತ ಯಾರೂ ಕೇಳುವಂತಿಲ್ಲ.

2022ರ ತಿದ್ದುಪಡಿ ಆದಮೇಲೆ ಕಾಡುಹಂದಿ ಕಾಯ್ದೆಯ ಎರಡನೇ ಶೆಡ್ಯೂಲಿನಲ್ಲಿದೆ (ಪ್ರಾಣಿಗಳ ಪಟ್ಟಿ). ಮೂರು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದೇ ಉರುಳಿಗೆ ಚಿರತೆ ಬಿದ್ದರೆ ಅದು ಮೊದಲನೇ ಶೆಡ್ಯೂಲು. ಆಗ ಕಡಿಮೆ ಅಂದರೂ ಮೂರು ವರ್ಷ, ಏಳರವರೆಗೂ ಹೋಗಬಹುದು, ದಂಡ 25,000ಕ್ಕೆ ಕಡಿಮೆ ಇಲ್ಲ. ಹಂದಿಗೆ ಇಟ್ಟದ್ದು ಅನ್ನುವ ಮಾತು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೇಟೆಗೆ ಬಳಸಿದ ಗಾಡಿ, ಆಯುಧ ಸರ್ಕಾರದ ಸ್ವತ್ತಾಗುತ್ತದೆ. ಜೀಪಿನವರಿಗೆ ಜೈಲಿನ ಮಾತಿಗಿಂತ ಈ ಮಾತು ಬೇಗ ತಲೆಗೆ ಹೋಗುತ್ತದೆ.

ಇನ್ನು ಅತಿಕ್ರಮ ಪ್ರವೇಶ. 2024ರ ಜುಲೈ 1ರಿಂದ ಹಳೇ ದಂಡ ಸಂಹಿತೆಯ (ಐಪಿಸಿ) 447ರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 329 ಬಂದಿದೆ. ಸುಮ್ನೆ ಒಳಗೆ ಕಾಲಿಟ್ಟ ಮಾತ್ರಕ್ಕೆ ಅದು ಕ್ರಿಮಿನಲ್ ಆಗುವುದಿಲ್ಲ. ಅಪರಾಧ ಮಾಡುವ ಉದ್ದೇಶ, ಅಥವಾ ಹೆದರಿಸುವ, ಅವಮಾನಿಸುವ, ಕಿರಿಕಿರಿ ಮಾಡುವ ಉದ್ದೇಶ ಇರಬೇಕು. ಹಾಲಿನ ಹೆಂಗಸರಿಗೂ ಜೀಪಿನವರಿಗೂ ಇರುವ ವ್ಯತ್ಯಾಸ ಇದೇ. ದಾರಿ ಒಂದೇ ಇರಬಹುದು, ಬರುವ ಉದ್ದೇಶ ಬೇರೆ. ವಹಿವಾಟಿನ ದಾರಿ ಅಂದರೆ ನಡೆದು ದಾಟುವ ಹಕ್ಕು. ಅಲ್ಲಿ ನಿಂತು ಬೆಳಕು ಬೀಸಿ ಗುಂಡು ಹೊಡೆಯುವ ಹಕ್ಕು ಅದರಲ್ಲಿಲ್ಲ.

ಇವತ್ತೇ ಮಾಡಬೇಕಾದ್ದು ಅರಣ್ಯ ಇಲಾಖೆಯ 1926ಕ್ಕೆ ಫೋನು. ಆಮೇಲೆ ನಿಮ್ಮ ವನಪರಿಕ್ಷೇತ್ರ ಅಧಿಕಾರಿಗೆ (ರೇಂಜ್ ಆಫೀಸರ್) ಲಿಖಿತ ಅರ್ಜಿ. ಅದರ ಒಂದು ಪ್ರತಿ ಠಾಣೆಗೆ, ಒಂದು ಊರಿನ ಪೊಲೀಸ್ ಪಾಟೀಲರಿಗೆ. ಎಲ್ಲದಕ್ಕೂ ಪೋಚ್ (ಸ್ವೀಕೃತಿ) ತೆಗೆದುಕೊಳ್ಳಿ. ಇನ್ನೊಂದು ಕಾರಣಕ್ಕೂ ಇದು ಬೇಕು. ನಾಳೆ ನಿಮ್ಮ ಶೆಡ್ಡಿನ ಹಿಂದೆ ಮಾಂಸವೋ ಚರ್ಮವೋ ಸಿಕ್ಕರೆ ಮೊದಲ ಪ್ರಶ್ನೆ ನಿಮಗೇ ಬರುತ್ತದೆ. ವನ್ಯಪ್ರಾಣಿಯ ವಸ್ತು ಯಾರ ವಶದಲ್ಲಿದೆಯೋ ಅವರೇ ಅದು ಅಕ್ರಮ ಅಲ್ಲ ಅಂತ ತೋರಿಸಬೇಕು ಅನ್ನುವುದು ಈ ಕಾಯ್ದೆಯ ಸೆಕ್ಷನ್ 57. ಮೊದಲೇ ಅರ್ಜಿ ಕೊಟ್ಟವರಿಗೆ ಆ ಉತ್ತರ ಸುಲಭ.

ತೋಟೆ ಡಬ್ಬಿಯಲ್ಲೇ ಇರಲಿ, ತೊಳೆಯಬೇಡಿ. ಯಾರು, ಎಲ್ಲಿ, ಯಾವತ್ತು ಎತ್ತಿಟ್ಟರು ಅಂತ ಕಾಕಾ ಇದ್ದದ್ದು ಇದ್ದ ಹಾಗೆ ಹೇಳಲಿ. ಇನ್ನು ಮುಂದೆ ಉರುಳು ಕಂಡರೆ ಬಿಚ್ಚಬೇಡಿ. ಫೋಟೋ ತೆಗೆದು, ದನ ನಾಯಿ ಹೋಗದ ಹಾಗೆ ಮುಳ್ಳು ಹಾಕಿ ಫಾರೆಸ್ಟ್ ಗಾರ್ಡನ್ನು ಕರೆಸಿ. ಪಂಚನಾಮೆ ಅವನೇ ಮಾಡಬೇಕು.

ಪಿಂಪ್ರಿ ಪೈಲ್ವಾನ್

ಇಷ್ಟೆಲ್ಲ ಯಾಕೆ? ಸುತ್ತ ತಂತಿ ಎಳೆದು ರಾತ್ರಿ ಕರೆಂಟು ಬಿಡಿ. ಹಂದಿನೂ ಬರಲ್ಲ, ಜೀಪೂ ಬರಲ್ಲ. ನಮ್ಮ ಕಡೆ ಎಲ್ಲರೂ ಅದೇ ಮಾಡ್ತಾರೆ.

ವಕೀಲರ ಮನೆ

ಪೈಲ್ವಾನರೇ, ಮಾಡುವವರು ಇದ್ದಾರೆ, ಅವರಲ್ಲಿ ಕೆಲವರು ಯೆರವಡಾ ಜೈಲಿನಲ್ಲಿ ಇದ್ದಾರೆ. ಮನೆಯ 230 ವೋಲ್ಟ್ ತಂತಿಗೆ ಬಿಟ್ಟರೆ ಮೊದಲು ಸಾಯುವುದು ಹಾಲಿನ ಹೆಂಗಸೋ, ಕಾಕಾನೋ, ಬೆಳಗಿನ ಜಾವ ನೀರು ಬಿಡಲು ಬಂದ ಪಕ್ಕದ ಹೊಲದವನೋ. ಅದು ನರಹತ್ಯೆಯ ಕೇಸು, ವಿದ್ಯುತ್ ಕಳ್ಳತನದ್ದು ಬೇರೆ. ಪ್ರಾಣಿ ಸತ್ತರೆ ಬೇಟೆಯ ಕೇಸು ನಿಮ್ಮ ಮೇಲೇ. ರೈತರು ಝಟಕಾ ಮಷೀನು ಅನ್ನುತ್ತಾರಲ್ಲ, ಬ್ಯಾಟರಿ ಅಥವಾ ಸೋಲಾರಿನದ್ದು, ಬಿಟ್ಟು ಬಿಟ್ಟು ಹೊಡೆಯುವಂಥದ್ದು, ಅದು ಬೇರೆ ಮಾತು. ಅದೂ ದಾರಿಯ ಪಕ್ಕ ಬೇಡ, ಬೋರ್ಡಿಲ್ಲದೆ ಬೇಡ.

ಕೊಡಗಿನ ಕೋವಿ (ಹಿಂಜವಾಡಿ)

ಎಂಟು ವರ್ಷದ ಹುಡುಗನಿಂದ ಕೋವಿ ನೋಡಿ ಬೆಳೆದವನು ನಾನು, ಹಾಗಾಗಿ ಎರಡು ಮಾತು.

ನಮ್ಮ ಮನೆಯಲ್ಲಿ ಕೋವಿಗೆ ಲೈಸೆನ್ಸು ಬೇಡ. ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದು ಹಬ್ಬಕ್ಕೆ ಕೋವಿಗೆ ಹೂ ಇಟ್ಟು ಪೂಜೆ ಮಾಡುತ್ತೇವೆ. ನನ್ನ ತಾತನ ಕಾಲದಲ್ಲಿ ಪೂಜೆ ಮುಗಿದರೆ ಕಾಡಿಗೆ. ಈಗ ಪೂಜೆ ಮುಗಿದರೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಪಂದ್ಯ, ಆಮೇಲೆ ಪಂದಿ ಕರಿ, ಅದೂ ಸಾಕಿದ ಹಂದಿ. ಕೋವಿ ಇಟ್ಟುಕೊಳ್ಳುವ ಹಕ್ಕು ಬೇರೆ, ಬೇಟೆಯ ಹಕ್ಕು ಬೇರೆ. ಎರಡನೆಯದು ನಮಗೂ ಇಲ್ಲ.

ನಿಮ್ಮ ಕೆಂಪು ತೋಟೆಯ ವಿಷಯ. ಅದು 12 ಬೋರಿನದ್ದು, ಅಂಗಡಿಯ ಮಾಲು. ಹಳ್ಳಿಯಲ್ಲಿ ಬೆಳೆ ಕಾಯಲು ಇಟ್ಟುಕೊಳ್ಳುವ ಠಾಸಣಿಯ ಬಂದೂಕಿಗೆ ತೋಟೆಯೇ ಇರುವುದಿಲ್ಲ. ಅದಕ್ಕೆ ಮದ್ದು ಗುಂಡು ಕೊಳವೆಯ ಬಾಯಿಂದ ತುಂಬಿ ಗಜದಿಂದ ಜಡಿಯುತ್ತಾರೆ. ಹಾಗಾಗಿ ಇವರಲ್ಲಿ ಒಬ್ಬನ ಹತ್ತಿರವಾದರೂ ಲೈಸೆನ್ಸಿನ ಕೋವಿ ಇರಬೇಕು, ಬಹುಶಃ ಆತ್ಮರಕ್ಷಣೆಗೆ ಅಂತ ತೆಗೆದುಕೊಂಡದ್ದು. ತೋಟೆ ಕೊಂಡದ್ದಕ್ಕೆ ಅಂಗಡಿಯಲ್ಲಿ ಲೆಕ್ಕ ಇರುತ್ತದೆ. ಅರ್ಜಿಯಲ್ಲಿ "12 ಬೋರಿನ ಖಾಲಿ ತೋಟೆ ಸಿಕ್ಕಿದೆ" ಅಂತ ತಪ್ಪದೆ ಬರೆಯಿರಿ. ಲೈಸೆನ್ಸು ಹೋಗುವ ಭಯ ಇರುವವನು ಎಲ್ಲರಿಗಿಂತ ಮೊದಲು ಬರುವುದು ಬಿಡುತ್ತಾನೆ.

ಉರುಳು ಬೇರೆ ಕೈ, ಗುಂಡು ಬೇರೆ ಕೈ ಅಂತ ನನಗನ್ನಿಸುತ್ತದೆ. ಜೀಪಿನಲ್ಲಿ ಬರುವವರಿಗೆ ಹುಲ್ಲು ಗಂಟು ಹಾಕುವಷ್ಟು ತಾಳ್ಮೆ ಇರುವುದಿಲ್ಲ.

ಮತ್ತೆ ದಯವಿಟ್ಟು ಸರ್ ಅವರನ್ನು ಟಾರ್ಚ್ ಹಿಡಿದು ರಾತ್ರಿ ಕಳಿಸಬೇಡಿ. ಕುಡಿದವನ ಕೈಯಲ್ಲಿ ಕೋವಿ ಇದ್ದಾಗ, ಪೊದೆಯ ಹಿಂದೆ ಅಲುಗಿದ್ದೆಲ್ಲ ಹಂದಿಯೇ.

ಗುಂಠೆ ಲೆಕ್ಕ

ಎಲ್ಲರಿಗೂ ಥ್ಯಾಂಕ್ಸ್. ಯಜಮಾನರಿಗೆ ಕೊನೆಯ ಸಾಲು ಓದಿ ಹೇಳಿದೆ. ಟಾರ್ಚ್ ಈಗ ನನ್ನ ಬೀರುವಿನಲ್ಲಿದೆ.

ಕೊಡಗಿನವರೇ, ಬೇರೆ ಕೈ ಅಂದಿರಲ್ಲ, ಅದಕ್ಕೇ ಒಂದು ಮಾತು. ಊರಿನಲ್ಲಿ ಉರುಳಿನ ವಿಷಯ ತೆಗೆದ ಕೂಡಲೇ ಎಲ್ಲರೂ ಕಾತಕರಿ (ಇಲ್ಲಿಯ ಆದಿವಾಸಿಗಳು) ವಾಡಿಯ ಕಡೆ ಬೆರಳು ತೋರಿಸುತ್ತಾರೆ. ನನಗೆ ಅದು ಸರಿ ಬರುವುದಿಲ್ಲ. ಭತ್ತ ಕೊಯ್ಯಲು, ಗದ್ದೆ ಏಡಿ ತರಲು ಅವರು ಬೇಕು, ಏನಾದರೂ ಆದರೆ ಕಳ್ಳರೂ ಅವರೇ. ನೋಡದೆ ಯಾರ ಹೆಸರನ್ನೂ ಅರ್ಜಿಯಲ್ಲಿ ಬರೆಯುವುದಿಲ್ಲ ಅಂತ ಕಾಕಾಗೆ ಹೇಳಿದ್ದೇನೆ. ಜೀಪಿನ ನಂಬರ್ ಮಾತ್ರ ಬರೆಯುತ್ತೇನೆ, ಅದು ನಾನೇ ನೋಡಿದ್ದು.

1926ಕ್ಕೆ ಫೋನ್ ಮಾಡಿದೆ. ಅಲ್ಲಿಂದ ನಮ್ಮ ಬೀಟಿನ ಗಾರ್ಡ್ ನಂಬರ್ ಸಿಕ್ಕಿತು. ಚಿಕ್ಕ ಹುಡುಗ, ಮರುದಿನವೇ ಬೈಕಿನಲ್ಲಿ ಬಂದ. ಗುಡ್ಡ ಸುತ್ತಿ ಇನ್ನೂ ಎರಡು ಉರುಳು ಹುಡುಕಿದ. ಒಂದು ನಮ್ಮ ಕಡೆ, ಒಂದು ಪ್ಲಾಟಿಂಗಿನ ಕಡೆ. "ತಾಯಿ, ಮಾಝ್ಯಾಸಾಠೀ ದೋನ್ಹೀ ಸಾರಖೇಚ್" (ಅಕ್ಕ, ನನಗೆ ಎರಡೂ ಒಂದೇ) ಅಂದ. ಠಾಣೆಯವರು ಉಂಬರದ ಮರದ ಈಚೆಯೋ ಆಚೆಯೋ ಅಂತ ಕೂತಿದ್ದಾಗ ಇವನು ಎರಡು ಮಾತಿನಲ್ಲಿ ಮುಗಿಸಿದ.

ಈಗ ಬೇಲಿ ಮತ್ತು ದಾರಿ. ಕಾಲುದಾರಿ ಬಿಟ್ಟು ಜೀಪು ನಿಲ್ಲಿಸುವುದು ಹೇಗೆ? ಯಾರಾದರೂ ಮಾಡಿದ್ದೀರಾ?

ಗೋಡಂಬಿ ಗುಡ್ಡ (ಕಾಣಕೋಣ, ಗೋವಾ)

ಅಕ್ಕ, ಮಾಡಿದ್ದೇವೆ. ನಮ್ಮದು ಕೊಟಿಗಾಂವ್ ಅಭಯಾರಣ್ಯದ ಕಡೆ ಗೋಡಂಬಿ ಗುಡ್ಡ. ಇಲ್ಲಿ ಸಾತ್ ಬಾರಾ ಅಲ್ಲ, ಫಾರ್ಮ್ 1 ಮತ್ತು 14. ಕಚೇರಿಗಳ ಹೆಸರು ಬೇರೆ, ತಲೆನೋವು ಅದೇ.

ನಮಗೆ ವರ್ಷದಲ್ಲಿ ಎರಡು ಸಲ ಅತಿಥಿಗಳು. ಮಾರ್ಚಿನಿಂದ ಗೋಡಂಬಿ ಆಯುವವರು. ಅವರ ಹತ್ತಿರ ಜಗಳ ಇಲ್ಲ, ಬಿದ್ದದ್ದು ಒಂದಿಷ್ಟು ಹೋಗುತ್ತದೆ ಅಂತ ಬಿಟ್ಟಿದ್ದೇವೆ. ಇನ್ನೊಂದು ಜೂನಿನ ಮೊದಲ ಮಳೆಯ ರಾತ್ರಿ. ಗದ್ದೆಯಲ್ಲಿ ಗೋಣಿಕಪ್ಪೆ ಕೂಗಲು ಶುರುವಾಯಿತೋ ಇಲ್ಲವೋ, ಟಾರ್ಚು ಗೋಣಿಚೀಲ ಹಿಡಿದು ಹುಡುಗರು ಬದುವಿನ ಮೇಲೆ ಸಾಲಾಗಿ ಇಳಿಯುತ್ತಾರೆ. ಕಣ್ಣಿಗೆ ಬೆಳಕು ಬಿದ್ದರೆ ಕಪ್ಪೆ ಅಲ್ಲಾಡುವುದಿಲ್ಲ, ಕೈಯಿಂದಲೇ ಎತ್ತಿ ಹಾಕಿಕೊಳ್ಳುತ್ತಾರೆ. ಜಂಪಿಂಗ್ ಚಿಕನ್ ಅಂತ ಅದರ ಹೆಸರು ಇಲ್ಲಿ. ಅರಣ್ಯ ಇಲಾಖೆ ಪ್ರತಿ ಮಳೆಗಾಲಕ್ಕೂ ಹಿಡಿಯಬೇಡಿ ಅಂತ ಸಾರುತ್ತದೆ. ಆಗಷ್ಟೇ ಕಟ್ಟಿದ ಬದು ಅವರ ಕಾಲಿಗೆ ಕುಸಿಯುವುದು ನಮ್ಮ ಸಂಕಟ.

ನಿಮ್ಮ ಪ್ರಶ್ನೆಗೆ ಉತ್ತರ: ಗೇಟು ಹಾಕಬೇಡಿ. ಗೇಟು ಹಾಕಿದರೆ ಊರೆಲ್ಲ ನಿಮ್ಮ ವಿರುದ್ಧ, ಜೀಪಿನವರಿಗೆ ಅದೇ ಬೇಕು. ದಾರಿ ಒಳಗೆ ಬರುವಲ್ಲಿ ಎರಡು ಕಲ್ಲುಕಂಬ ನೆಡಿ, ನಡುವೆ ಒಂದು ಮಾರಿಗಿಂತ ಕಡಿಮೆ ಜಾಗ. ತಲೆಯ ಮೇಲೆ ಹಾಲಿನ ಕ್ಯಾನ್ ಇಟ್ಟುಕೊಂಡವರು ನಡೆದುಹೋಗಬೇಕು, ಎಮ್ಮೆ ಹೋಗಬೇಕು, ನಾಲ್ಕು ಚಕ್ರ ಹೋಗಬಾರದು. ನಾವು ಇಲ್ಲಿಯ ಚಿರೇಕಲ್ಲಿನಲ್ಲಿ ಮಾಡಿದೆವು. ನಿಮ್ಮಲ್ಲಿ ಕರಿಕಲ್ಲೇ ಸಿಗುತ್ತದೆ. ಕಂಬ ನೆಡುವ ಮೊದಲು ವಾಡ್ಯಾದ ಹೆಂಗಸರನ್ನು ಕರೆದು ನಡೆಸಿ ನೋಡಿ. ನಮ್ಮಲ್ಲಿ ಒಬ್ಬ ಅಜ್ಜಿ ಸೌದೆಹೊರೆ ಅಡ್ಡ ಹೊತ್ತು ಬಂದು ಸಿಕ್ಕಿಹಾಕಿಕೊಂಡು ಬಾಯಿಗೆ ಬಂದಂತೆ ಬೈದರು, ಆಮೇಲೆ ಒಂದು ಗೇಣು ಅಗಲ ಮಾಡಿದೆವು.

ಬೋರ್ಡ್ ಹಾಕಿ, ಮರಾಠಿಯಲ್ಲಿ. "ಖಾಜಗೀ ಮಾಲಮತ್ತಾ" (ಖಾಸಗಿ ಆಸ್ತಿ) ಅಂತ ಬರೆದರೆ ಯಾರೂ ಓದುವುದಿಲ್ಲ, ದಾರಿಯುದ್ದಕ್ಕೂ ಅದೇ ಇದೆ. "ಶಿಕಾರ ಬಂದೀ, ವಾಹನ ಜಪ್ತ ಹೋಈಲ, ವನ ವಿಭಾಗ 1926" (ಬೇಟೆ ನಿಷೇಧ, ಗಾಡಿ ಜಪ್ತಿ ಆಗುತ್ತದೆ, ಅರಣ್ಯ ಇಲಾಖೆ 1926) ಅಂತ ಬರೆಸಿ.

ಬೆಳಗಾವಿ ಬಾಪು

ಕಂಬದ ಉಪಾಯ ಚಲೋ ಇದೆ. ಆದರೆ ತಂಗಿ, ಮೊದಲು ಗಾವ್ ನಕಾಶೆ ತೆಗೆದು ನೋಡಿ. ಆ ದಾರಿ ನಕಾಶೆಯಲ್ಲಿ ಪಾಣಂದ ಅಂತ ಇದ್ದರೆ ಅದು ಸರ್ಕಾರಿ ದಾರಿ, ಕಂಬ ನೆಡುವಂತಿಲ್ಲ, ತಹಶೀಲ್ದಾರರು ಕೀಳಿಸುತ್ತಾರೆ. ನಕಾಶೆಯಲ್ಲಿ ಇಲ್ಲದಿದ್ದರೆ ನಡೆದು ಬಂದ ರೂಢಿಯ ದಾರಿ, ಆಗ ಕಂಬ ನಡೆಯುತ್ತದೆ. ಮೋಜಣಿ ಅರ್ಜಿ ಹಾಕಲು ಪೌಡಿಗೆ ಹೋಗುತ್ತೀರಲ್ಲ, ಅದೇ ದಿನ ಕೇಳಿ. ಊಟದ ಹೊತ್ತಿಗೆ ಮೊದಲೇ ಹೋಗಿ.

ಗುಂಠೆ ಲೆಕ್ಕ

ಸೋಮವಾರ ಹೋಗುತ್ತೇನೆ ಬಾಪು. ಉರುಳು ಸಿಕ್ಕ ಸಂದಿಗೆ ಕ್ಯಾಮೆರಾ ಕಟ್ಟೋಣ ಅಂತ ಗಾರ್ಡ್ ಹುಡುಗ ಹೇಳಿದ್ದಾನೆ. ಎಷ್ಟು ಎತ್ತರಕ್ಕೆ ಕಟ್ಟಬೇಕು, ಯಾರಿಗಾದರೂ ಗೊತ್ತಾ?

ಗೋಡಂಬಿ ಗುಡ್ಡ

ಕೈಗೆ ಸಿಗದಷ್ಟು ಮೇಲೆ ಕಟ್ಟಿ, ಕೆಳಮುಖ ಮಾಡಿ. ನಮ್ಮದು ಸೊಂಟದ ಎತ್ತರಕ್ಕೆ ಕಟ್ಟಿದ್ದೆವು, ಎರಡೇ ದಿನಕ್ಕೆ ಹೋಯಿತು. ಸಂದಿಗೊಂದು ಕಟ್ಟಿದರೆ ಜೀಪು ನಿಲ್ಲುವ ಜಾಗಕ್ಕೂ ಒಂದು ಕಟ್ಟಿ, ನಂಬರ್ ಪ್ಲೇಟ್ ಸಿಗುವುದು ಅಲ್ಲೇ.